ಮೆಹಬೂಬಬೀ ಎಲುಬು ಚೀಪಿದ ಫೋಟೋ

ಉಜ್ಮಾಳ ತಲೆಗೆ ಎಣ್ಣೆ ಹಚ್ಚಿ, ಬೈತಲೆ ತೆಗೆದು, ಎಡಗಡೆಯ ಜಡೆ ಹೆಣೆದು ರಿಬ್ಬನ್ನು ಕಟ್ಟುವಷ್ಟರಲ್ಲಿ ಓಣಿಯಲ್ಲಿ ಬೈಕಿನ ಹಾರ್ನು ಕೇಳಿಸಿತು. ಬಲಗಡೆಯ ಜಡೆ ಇನ್ನೂ ಬಾಕಿಯಿತ್ತು. ಅಲ್ಲಾಡಬೇಡ ಎಂದು ಮಗಳಿಗೆ ಹೇಳಿ ನಾಹೀದಾ ಎಣ್ಣೆಗೈಯಲ್ಲೇ ಬಾಗಿಲಿಗೆ ಓಡಿದಳು. ಕೊರಿಯರಿನವನು ಕೊಟ್ಟದ್ದು ಅಂಗೈ ಅಗಲದ ಒಂದು ಡಬ್ಬಿ. ಆ ಡಬ್ಬಿಯ ದೆಸೆಯಿಂದ ಉಜ್ಮಾ ಅವತ್ತು ದಿನವಿಡೀ ಒಂದೇ ಜಡೆಯಲ್ಲಿ ತಿರುಗಿದಳು. ಇನ್ನೊಂದು ಪಕ್ಕದ ಕೂದಲು ಮೆಕ್ಕೆಜೋಳದ ತೆನೆಯ ತುದಿಯ ಹಾಗೆ ಹರಡಿಕೊಂಡೇ ಇತ್ತು.

ನಾಹೀದಾಳ ಸ್ಟುಡಿಯೋ ಅಂದರೆ ಭಾಗ್ಯನಗರದ ಅವಳ ಮನೆಯ ಮುಂದಿನ ಕೋಣೆ. ಗೋಡೆಗೊಂದು ನೀಲಿ ಬಟ್ಟೆ, ಒಂದು ಸ್ಟೂಲು, ಯಾರೋ ಬಳಸಿ ಬಿಟ್ಟ ಡಿಜಿಟಲ್ ಕ್ಯಾಮೆರಾ, ಒಂದು ಫ್ಲ್ಯಾಶ್. ಗಂಡ ಮಾಜೀದ ಅಕ್ಕಿ ಲಾರಿ ಓಡಿಸುತ್ತಾನೆ, ವಾರದಲ್ಲಿ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು. ಕ್ಯಾಮೆರಾದ ವಿದ್ಯೆಯನ್ನು ಅವಳಿಗೆ ಯಾರೂ ಹೇಳಿಕೊಟ್ಟವರಲ್ಲ. ಬೇಳೆ ಡಬ್ಬಿಗೆ ಮೊಬೈಲು ಆನಿಸಿಟ್ಟು, ಒಂದು ಕಣ್ಣು ಹಂಚಿನ ಮೇಲಿನ ರೊಟ್ಟಿಯ ಕಡೆ, ಇನ್ನೊಂದು ಕಣ್ಣು ಪರದೇಶದ ಫೋಟೋಗ್ರಾಫರನ ಕಡೆ ಇಟ್ಟು ಕಲಿತದ್ದು. ಒಂದೆರಡು ರೊಟ್ಟಿ ಸೀದವು, ಆದರೆ ವಿದ್ಯೆ ಹತ್ತಿತು.

ಅವಳಿಗೆ ತಿಳಿದ ಮುಖ್ಯ ವಿಷಯ ಇಷ್ಟು. ಫ್ಲ್ಯಾಶು ಕ್ಯಾಮೆರಾದ ತಲೆಯ ಮೇಲೇ ಕೂತಿದ್ದರೆ ಮುಖ ತೊಳೆದಿಟ್ಟ ತಾಟಿನ ಹಾಗೆ ಚಪ್ಪಟೆಯಾಗಿ, ಬೆಳ್ಳಗೆ ಬರುತ್ತದೆ. ಅದೇ ಫ್ಲ್ಯಾಶನ್ನು ಕೆಳಗಿಳಿಸಿ, ಪಕ್ಕಕ್ಕೆ ಒಯ್ದು, ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಬಿಳೀ ಛತ್ರಿಯೊಳಗಿಂದ ಬಿಟ್ಟರೆ ಮೂಗಿಗೆ ಮೂಗಿನ ಜಾಗ ಸಿಗುತ್ತದೆ, ಕೆನ್ನೆಗೆ ಕೆನ್ನೆಯದು. ಆದರೆ ದೂರ ನಿಂತ ಫ್ಲ್ಯಾಶಿಗೆ ಕ್ಯಾಮೆರಾ ಯಾವಾಗ ಕಣ್ಣು ತೆರೆಯಿತು ಎಂದು ಹೇಳುವವರು ಯಾರು? ಹೇಳುವ ವಸ್ತು ಆ ಡಬ್ಬಿಯಲ್ಲಿತ್ತು. ಅದಕ್ಕೆ ಟ್ರಿಗರ್ ಅನ್ನುತ್ತಾರೆ. ಎರಡು ತುಂಡು. ಒಂದು ಕ್ಯಾಮೆರಾದ ತಲೆಯ ಮೇಲೆ ಕೂತು ಅಪ್ಪಣೆ ಕೊಡುತ್ತದೆ, ಇನ್ನೊಂದು ಫ್ಲ್ಯಾಶಿನ ಕಾಲಡಿ ಕೂತು ಕೇಳಿಸಿಕೊಳ್ಳುತ್ತದೆ. ನಡುವೆ ವೈರಿಲ್ಲ.

ಡಬ್ಬಿಯೊಳಗಿನ ಕಾಗದದ ತುಂಬ ಚೀನೀ ಅಕ್ಷರ. ಅದರಲ್ಲಿದ್ದ ಒಂದು ಚಿತ್ರ ಮಾತ್ರ ಅವಳಿಗೆ ಅರ್ಥವಾಯಿತು: ಎರಡೂ ತುಂಡುಗಳ ಮೇಲೆ ಒಂದೇ ಅಂಕಿ ಇರಬೇಕು. ನೋಡಿದಳು, ಎರಡರ ಮೇಲೂ ‘1’ ಎಂದಿತ್ತು. ಸರಿಯಾಗೇ ಇದೆಯಲ್ಲ ಎಂದು ಅದರ ತಂಟೆಗೆ ಹೋಗಲಿಲ್ಲ.

ಅರ್ಧ ತಲೆಯ ಉಜ್ಮಾಳನ್ನು ಸ್ಟೂಲಿನ ಮೇಲೆ ಕೂಡಿಸಿ ಗುಂಡಿ ಒತ್ತಿದಳು. ಫ್ಲ್ಯಾಶು ಹೇಳಿದ ಮಾತು ಕೇಳಿ ಪಳಕ್ಕೆಂದಿತು. ಆದರೆ ಫೋಟೋದಲ್ಲಿ ಮಗಳ ಮೇಲಿನ ಅರ್ಧ ಮಾತ್ರ ಬಂದಿತ್ತು, ಕೆಳಗಿನ ಅರ್ಧ ಕಾಡಿಗೆ ಬಳಿದಷ್ಟು ಕಪ್ಪು. ಅಷ್ಟರಲ್ಲಿ ಬೆಳಕು ಕಂಡು ಪಕ್ಕದ ಮನೆಯ ಗುರುಲಿಂಗಮ್ಮ ಬಂದಾಗಿತ್ತು. ಊರಿನ ಕೂದಲು ಕಾರಖಾನೆಗೆ ಸಿಕ್ಕುಗೂದಲು ಬಿಡಿಸುವ ಕೆಲಸಕ್ಕೆ ಹೋಗುವ ಗುರುಲಿಂಗಮ್ಮನ ಕಣ್ಣು ಮೊದಲು ಉಜ್ಮಾಳ ಬಿಚ್ಚುಗೂದಲಿನ ಮೇಲೆ ಬಿತ್ತು, ಆಮೇಲೆ ಫೋಟೋದ ಮೇಲೆ.

“ಅರ್ಧಾ ಹುಡುಗಿ ಬಂದಾಳಲ್ಲ ತಂಗಿ. ಉಳಿದರ್ಧಾ ಎಲ್ಲಿ ಇಟ್ಟಿ?”

“ಕ್ಯಾಮೆರಾದ ಬಾಗಿಲಾ ಭಾಳ ಲಗೂನ ಮುಚ್ಚಾಕತ್ತೈತ್ರಿ ಅಕ್ಕಾರ,” ಎಂದಳು ನಾಹೀದಾ. “ಬೆಳಕು ಅರ್ಧಾ ಒಳಗ ಬಂದಿರತೈತಿ, ಅರ್ಧಾ ಹೊಸ್ತಿಲದಾಗ ಸಿಕ್ಕೊಂಡಿರತೈತಿ.”

ಕ್ಯಾಮೆರಾದ ಚಕ್ರ ತಿರುಗಿಸಿ ಆ ಬಾಗಿಲನ್ನು ಸ್ವಲ್ಪ ನಿಧಾನ ಮಾಡಿದಳು. ಎರಡನೇ ಸಲ ಮಗಳ ಮಂಡಿಯವರೆಗೆ ಬಂತು. ಮೂರನೇ ಸಲ ಹೆಬ್ಬೆರಳವರೆಗೆ. ಆ ಮೂರನೇ ಫೋಟೋದಲ್ಲಿ ಉಜ್ಮಾಳ ಒಂದು ಕೆನ್ನೆಯ ಮೇಲೆ ಬೆಳಕು ಹಾಲಿನ ಕೆನೆಯಂತೆ ನಿಂತಿತ್ತು, ಇನ್ನೊಂದು ಕೆನ್ನೆ ಮೆಲ್ಲಗೆ ನೆರಳಿಗೆ ಜಾರಿತ್ತು. ಗುರುಲಿಂಗಮ್ಮ ಕ್ಯಾಮೆರಾದ ಹತ್ತಿರ ಕಣ್ಣು ತಂದು ನೋಡಿದಳು. ಆಮೇಲೆ, ತನ್ನ ಮದುವೆಯ ಕಾಲಕ್ಕೆ ಇಂಥಾದ್ದೊಂದು ಇದ್ದಿದ್ದರೆ ಅತ್ತೆ ತನ್ನನ್ನು ಕರಿಯಾಕಿ ಅಂತಿರಲಿಲ್ಲ ಎಂದು ಹೇಳಿ ನೀರು ತುಂಬಲು ಹೋದಳು.

ಅವತ್ತು ಗಂಗಾವತಿಯಲ್ಲಿ ಮದುವೆ. ಅಕ್ಕಿ ವ್ಯಾಪಾರದ ಹೈದರಸಾಬನ ಮಗಳದು. ಅವನ ಹೆಂಡತಿ ಜೈನಾಬೀ ಹೋದ ವಾರ ತಾನೇ ಭಾಗ್ಯನಗರಕ್ಕೆ ಬಂದು ಮಾತಾಡಿ ಹೋಗಿದ್ದಳು. ಅವರ ಮನೆತನದ ಮದುವೆಗಳಲ್ಲಿ ಹೆಂಗಸರ ಕಡೆ ಇದುವರೆಗೆ ಫೋಟೋ ಅಂತ ಆದದ್ದೇ ಇಲ್ಲ. ಗಂಡಸು ಫೋಟೋಗ್ರಾಫರ್ ಒಳಗೆ ಬರುವ ಹಾಗಿಲ್ಲ. ಮೊಬೈಲಿನಲ್ಲಿ ಹುಡುಗಿಯರು ತೆಗೆದದ್ದರಲ್ಲಿ ಮದುಮಗಳಿಗಿಂತ ಅವರ ಬೆರಳೇ ಹೆಚ್ಚು. ಹೆಣ್ಣುಮಗಳೊಬ್ಬಳು ಕ್ಯಾಮೆರಾ ಹಿಡಿಯುತ್ತಾಳೆ ಎಂದು ಕೇಳಿ ಜೈನಾಬೀ ಹುಡುಕಿಕೊಂಡು ಬಂದದ್ದು. ಷರತ್ತು ಒಂದೇ. ಹೇಳಿದಾಗ ಮಾತ್ರ ಫೋಟೋ. ಬುರ್ಖಾ ತೆಗೆದು ಆರಾಮಾಗಿ ಕೂತ ಹೆಂಗಸರದು, ಉಣ್ಣುವವರದು ಒಂದೂ ಬೇಡ. ಒಂದು ಫೋಟೋ ಹೆಚ್ಚುಕಡಿಮೆ ಆದರೂ ಗಂಗಾವತಿಯ ಯಾವ ಮನೆಯ ಮೆಟ್ಟಿಲನ್ನೂ ನಾಹೀದಾ ಮತ್ತೆ ಹತ್ತುವಂತಿಲ್ಲ. ಚೆನ್ನಾಗಿ ಆದರೆ ಎಲ್ಲಾ ಮನೆಗಳಿಗೂ ಅವಳೇ. ನಾಹೀದಾಗೆ ಇದು ಸ್ಪಷ್ಟವಿತ್ತು: ಅವತ್ತು ಪರೀಕ್ಷೆ ಕ್ಯಾಮೆರಾದ್ದಲ್ಲ, ಅವಳ ಮೇಲಿನ ಭರವಸೆಯದು.

ಮಗಳ ಕೈ ಒಂದು ಕಡೆ, ಸ್ಟ್ಯಾಂಡು ಇನ್ನೊಂದು ಕಡೆ, ಬಗಲಲ್ಲಿ ಛತ್ರಿ. ಬಸ್ಸಿನಲ್ಲಿ ಕಂಡಕ್ಟರ್ ಆ ಬಿಳೀ ಛತ್ರಿಯನ್ನೂ ಹೊರಗಿನ ಬಿಸಿಲನ್ನೂ ನೋಡಿ, ಇಷ್ಟು ತೆಳು ಬಟ್ಟೆಯದನ್ನು ಯಾವ ಅಂಗಡಿಯವನು ನಿಮಗೆ ಮೋಸ ಮಾಡಿ ಕೊಟ್ಟ ಎಂದು ಮರುಕದಿಂದ ವಿಚಾರಿಸಿದ.

ಮದುವೆಯ ಜಾಗ ಒಂದೇ ದೊಡ್ಡ ಹಜಾರ. ನಡುವೆ ಹಗ್ಗ ಕಟ್ಟಿ ದಪ್ಪನೆಯ ಹಸಿರು ಪರದೆ ಇಳಿಬಿಟ್ಟಿದ್ದರು. ಆಚೆ ಗಂಡಸರು, ಈಚೆ ಹೆಂಗಸರು. ಎರಡೂ ಕಡೆ ಓಡಾಡುವ ಹಕ್ಕು ಬೆಕ್ಕಿಗೆ ಮತ್ತು ಮಕ್ಕಳಿಗೆ ಮಾತ್ರ. ಉಜ್ಮಾ ಆ ಹಕ್ಕನ್ನು ಬಂದ ಐದು ನಿಮಿಷಕ್ಕೇ ಬಳಸತೊಡಗಿದಳು.

ಮೊದಲ ಫೋಟೋಗಳು ಮದುಮಗಳ ಮೆಹಂದಿ ಕೈಯವು. ಛತ್ರಿಯ ಬೆಳಕಿನಲ್ಲಿ ಮೆಹಂದಿಯ ಒಂದೊಂದು ಎಳೆಯೂ ಎದ್ದು ಕಂಡಿತು. ಜೈನಾಬೀ ಕ್ಯಾಮೆರಾದ ಪುಟ್ಟ ಪರದೆಯೊಳಗೆ ಬಗ್ಗಿ ನೋಡಿ, ನಾಹೀದಾಳ ಬೆನ್ನು ಸವರಿದಳು. ಅಷ್ಟರಲ್ಲಿ ಊಟಕ್ಕೆ ಕರೆ ಬಂತು. ಹೆಂಗಸರು ಬುರ್ಖಾ ಕಳಚಿ ಮಡಿಚಿಟ್ಟು ಸಾಲಾಗಿ ಕೂತರು. ಷರತ್ತು ನೆನಪಿಟ್ಟು ನಾಹೀದಾ ಕ್ಯಾಮೆರಾವನ್ನು ಚೀಲದೊಳಗಿಟ್ಟು, ಜಿಪ್ಪು ಎಳೆದು, ಮಗಳನ್ನು ಪಕ್ಕಕ್ಕೆ ಕೂಡಿಸಿಕೊಂಡು ತಾನೂ ಬಿರಿಯಾನಿಯ ತಾಟು ಹಿಡಿದಳು. ಫ್ಲ್ಯಾಶು ಮಾತ್ರ ಮೂಲೆಯ ಸ್ಟ್ಯಾಂಡಿನ ಮೇಲೆ ನಿಂತೇ ಇತ್ತು, ಉಣ್ಣುವವರ ಸಾಲಿಗೆ ಮುಖ ಮಾಡಿ.

ಸಾಲಿನ ಮೊದಲಿಗೆ ಮೆಹಬೂಬಬೀ ಕೂತಿದ್ದಳು. ಹೈದರಸಾಬನನ್ನು ಹೆತ್ತವಳು, ಎಂಬತ್ತು ದಾಟಿದವಳು. ಆ ಮನೆಯಲ್ಲಿ ಅವಳು ಕೆಮ್ಮಿದರೆ ಗಡಿಯಾರವೂ ನಿಂತು ಕೇಳುತ್ತದೆ. ಬಾಯಲ್ಲಿ ಉಳಿದದ್ದು ಮೂರು ಹಲ್ಲು. ಅವುಗಳ ನಡುವೆ ನಲ್ಲಿ ಎಲುಬೊಂದನ್ನು ಸಿಕ್ಕಿಸಿ, ಕಣ್ಣು ಮುಚ್ಚಿ, ಕೆನ್ನೆ ಒಳಗೆಳೆದು, ಒಳಗಿನ ಮಜ್ಜೆಯನ್ನು ಎಳೆಯುತ್ತಿದ್ದಳು. ಸರಿಯಾಗಿ ಆಗ ಫ್ಲ್ಯಾಶು ಪಳಕ್ಕೆಂದಿತು.

ಮೆಹಬೂಬಬೀ ಎಲುಬು ಕೆಳಗಿಟ್ಟಳು. ಇಡೀ ಸಾಲಿನ ಕೈಗಳು ಬಾಯಿಯ ಹತ್ತಿರ ನಿಂತವು.

“ನನ್ನ ಫೋಟೋ ಹೊಡದಾಕಿ ಯಾರ?”

“ನಾ ತಗದಿಲ್ರಿ ದಾದೀಮಾ,” ಎಂದಳು ನಾಹೀದಾ. “ಕ್ಯಾಮೆರಾ ಚೀಲದಾಗ ಐತಿ, ನನ್ನ ಕೈಯಾಗ ತಾಟು ಐತಿ.”

“ನಮ್ಮನ್ಯಾಗಿನ ದೀಪಾ ಸ್ವಿಚ್ ಹಾಕಿದ್ರೂ ಹತ್ತೂದಿಲ್ಲ. ನಿಂದು ಹಾಕಲಾರದನ ಹತ್ತತೈತೇನು?”

ನಾಹೀದಾ ತಾಟು ಕೆಳಗಿಟ್ಟಳು. ಕ್ಯಾಮೆರಾ ಹೊರಗೆ ತೆಗೆದು, ಕೊನೆಯ ಫೋಟೋ ಮೆಹಂದಿ ಕೈಯದೇ ಎಂದು ತೋರಿಸಿದಳು. ಜೈನಾಬೀಯ ಅಕ್ಕ ನೂರಜಾನಬಿ ಕನ್ನಡಕ ಏರಿಸಿ ನೋಡಿದಳು. ತನ್ನ ಮೊಮ್ಮಗ ಮೊಬೈಲಿನಲ್ಲಿ ಬೇಕಾದ್ದನ್ನು ಬಚ್ಚಿಡುತ್ತಾನೆ, ಹುಡುಕಿದರೆ ಸಿಗುವುದಿಲ್ಲ, ಇದೂ ಹಾಗೇ ಎಂದು ತೀರ್ಪು ಕೊಟ್ಟಳು. ತೀರ್ಪು ಕೊಟ್ಟು ಆಕಳಿಸಿದಳು. ಆ ಆಕಳಿಕೆ ಪೂರ್ತಿ ತೆರೆದಾಗಲೇ ಫ್ಲ್ಯಾಶು ಮತ್ತೆ ಪಳಕ್ಕೆಂದಿತು. ಇನ್ನೊಂದು ಸಲ, ಮದುಮಗಳ ಚಿಕ್ಕಮ್ಮನೊಬ್ಬಳು ಸೆರಗಿನ ಪಿನ್ನು ಬಾಯಲ್ಲಿ ಕಚ್ಚಿಕೊಂಡಿದ್ದಾಗ.

ಆಮೇಲೆ ನಾಹೀದಾ ಒಂದು ಸದ್ದು ಕೇಳಿದಳು. ಮಡಿಚಿಟ್ಟ ಬುರ್ಖಾಗಳನ್ನು ಬಿಡಿಸುವ ಸರಬರ ಸದ್ದು. ಸಾಲಿನ ಆ ಕೊನೆಯಿಂದ ಶುರುವಾಗಿ ಈ ಕೊನೆಗೆ ಬರುತ್ತಿತ್ತು. ತನ್ನನ್ನು ನಂಬಿ ಕಳಚಿದ್ದನ್ನು ಹೆಂಗಸರು ಮತ್ತೆ ತೊಡುತ್ತಿದ್ದರು. ಹೈದರಸಾಬನಿಗೆ ಹೇಳಿಕಳಿಸಿರಿ ಎಂದು ಯಾರೋ ಎದ್ದೇಬಿಟ್ಟರು. ಜೈನಾಬೀ ಬೆನ್ನು ಸವರಿದ್ದ ಕೈಯನ್ನು ದುಪಟ್ಟಾದೊಳಗೆ ಎಳೆದುಕೊಂಡಳು.

ಮಕ್ಕಳನ್ನು ಸಾಕಿದವರಿಗೆ ಒಂದು ಉಪಾಯ ಗೊತ್ತಿರುತ್ತದೆ. ಮಗು ಬಿದ್ದು ಅಳುವಾಗ, ತಪ್ಪು ಮಾಡದ ನೆಲಕ್ಕೆ ಎರಡೇಟು ಹಾಕಿದರೆ ಅಳು ನಿಲ್ಲುತ್ತದೆ. ನೆಲಕ್ಕೇನೂ ಆಗುವುದಿಲ್ಲ. ನಾಹೀದಾ ಎದ್ದು ಮೆಹಬೂಬಬೀಯ ಮುಂದೆ ಕೂತು, ಕ್ಯಾಮೆರಾ ಅವಳ ಕಣ್ಣಿಗೆ ಕಾಣುವ ಹಾಗೆ ಹಿಡಿದಳು.

“ತಪ್ಪಾತ್ರಿ ದಾದೀಮಾ. ಅಳಿಸಾಕತ್ತೀನಿ, ನೀವ ನೋಡ್ರಿ.”

ಕಸದ ಬುಟ್ಟಿಯ ಗುರುತಿನ ಗುಂಡಿ ಒತ್ತಿದಳು. ನಿಜವಾಗಿ ಅಳಿಸಲೇ ಎಂದು ಕ್ಯಾಮೆರಾ ಕೇಳಿತು. ಬೇಡ ಎನ್ನುವ ಗುಂಡಿ ಒತ್ತಿದಳು. ಟಿಕ್ ಎಂದು ಸದ್ದಾಯಿತು. ಮೆಹಂದಿ ಕೈ ಅಲ್ಲೇ ಉಳಿಯಿತು.

“ಹೋತು?” ಎಂದಳು ಮೆಹಬೂಬಬೀ.

“ಹೋತ್ರಿ.”

ಮುದುಕಿಯ ಮುಖ ಸಡಿಲಾಯಿತು. ತಪ್ಪನ್ನು ಒಪ್ಪಿಕೊಂಡು ಎದುರಿಗೇ ಅಳಿಸುವ ಇಂಥ ಹೆಣ್ಣುಮಗಳು ಈಗಿನ ಕಾಲದಲ್ಲಿ ಸಿಗುವುದಿಲ್ಲ ಎಂದು ಸಾಲಿಗೆಲ್ಲ ಕೇಳುವಂತೆ ಹೇಳಿ, ಎಲುಬನ್ನು ಮತ್ತೆ ಕೈಗೆತ್ತಿಕೊಂಡಳು. ಬುರ್ಖಾಗಳು ಮತ್ತೆ ಮಡಿಚಿ ಕೂತವು. ಉಜ್ಮಾ ಮಾತ್ರ ತಾಯಿಯ ತೋಳು ಜಗ್ಗಿದಳು. ಬಾಯಿ ತೆರೆದಳು. ಆಮೇಲೆ ಕೇಳುವೆಯಂತೆ ಎಂದು ನಾಹೀದಾ ಅವಳ ಬಾಯಿಗೆ ಒಂದು ತುತ್ತು ಇಟ್ಟಳು.

ಆದರೆ ಫ್ಲ್ಯಾಶಿಗೆ ಇದೇನೂ ತಿಳಿಯದು. ಅದು ತನ್ನ ಮನಸ್ಸಿಗೆ ಬಂದಾಗ ಪಳಕ್ಕೆನ್ನುತ್ತಲೇ ಹೋಯಿತು. ನಾಹೀದಾ ಅದನ್ನು ಬಂದ್ ಮಾಡಿ ಬ್ಯಾಟರಿ ತೆಗೆದು ಒರೆಸಿ ಹಾಕಿದಳು, ಕಾಲಡಿಯ ತುಂಡನ್ನು ಬಿಚ್ಚಿ ಊದಿದಳು. ಚಾಲೂ ಮಾಡಿದ ಕೂಡಲೇ ಮೊದಲಿನಂತೇ. ಪೂರ್ತಿ ಬಂದ್ ಮಾಡಿ ಇಡುವಂತಿರಲಿಲ್ಲ. ಊಟ ಮುಗಿದವರು ಮದುಮಗಳ ಪಕ್ಕ ಕೂತು ಫೋಟೋ ಬೇಕೆನ್ನತೊಡಗಿದ್ದರು. ಒಂದು ನಿಜವಾದ ಫೋಟೋಕ್ಕೆ ನಾಲ್ಕು ಸುಳ್ಳು ಬೆಳಕು ಬೀಳುತ್ತಿತ್ತು. ಬೆಳಕು ಬಿದ್ದಾಗಲೆಲ್ಲ ಒಬ್ಬಳು ಬಂದು ನಿಲ್ಲುತ್ತಿದ್ದಳು. ಒಬ್ಬಳಿಗೆ ತಾನು ಸೊಸೆಯನ್ನು ಗದರುತ್ತಿದ್ದದ್ದು ಬಂದಿದೆ ಎಂಬ ಚಿಂತೆ. ಇನ್ನೊಬ್ಬಳಿಗೆ ಎರಡನೇ ಸಲ ಸಿಹಿ ಹಾಕಿಸಿಕೊಂಡದ್ದು ಬಂದಿದೆ ಎಂದು. ಆ ಹೊತ್ತಿಗೆ ತಾನು ಬಚ್ಚಲಿನಲ್ಲಿದ್ದೆ ಎಂದು ತಾನೇ ಹೇಳಿದ ಒಬ್ಬಾಕೆಯ ಫೋಟೋವನ್ನೂ ನಾಹೀದಾ ಅಳಿಸಿದಳು. ರೇಷನ್ ಅಂಗಡಿಯ ಮುಂದಿನಂತೆ ಸಾಲು ಬೆಳೆಯಿತು. ಅವಳು ಒಬ್ಬರಿಗೂ ಬೇಸರ ತೋರಿಸಲಿಲ್ಲ. ಬುಟ್ಟಿ ಒತ್ತುವುದು, ಬೇಡ ಒತ್ತುವುದು, ಟಿಕ್. ಹದಿನೇಳು ಸಲ. ಪ್ರತಿ ಟಿಕ್ಕಿಗೂ ಅವಳ ಮರ್ಯಾದೆ ಒಂದು ಮೆಟ್ಟಿಲು ಏರಿತು.

ಉಜ್ಮಾ ಪರದೆಯ ಆಚೆ ಹೋಗಿ ಬಂದಳು. ಬಂದವಳೇ ತಾಯಿಯ ಕಿವಿಯ ಹತ್ತಿರ ಬಾಯಿ ತಂದಳು.

“ಅಮ್ಮಿ, ಅಲ್ಲೊಬ್ಬ ಮಾಮೂ ಅದಾನ. ಅವನ ಫ್ಲ್ಯಾಶೂ ತಾನಾ ಹತ್ತಾಕತ್ತೈತಿ. ಟಿಪ್ಪುಸಾಬ ನಾನಾ ಹಲ್ಲಿನ ಸೆಟ್ ತೊಳಿಯಾಕತ್ತಿದ್ರು, ಆವಾಗ ಹತ್ತಿತು. ನಾನಾ ಬೈದ್ರು. ಮಾಮೂ ನಿನ್ನಂಗನ ಟಿಕ್ ಮಾಡಿ ಅಳಿಸಿದ.”

ಟಿಪ್ಪುಸಾಬ ಅಂದರೆ ಮದುಮಗನ ಅಜ್ಜ. ನಾಹೀದಾ ಕ್ಯಾಮೆರಾ ಹಿಡಿದು ಹಾಗೇ ನಿಂತಳು. ಆ ಮಾಮೂನ ಕ್ಯಾಮೆರಾದ ತಲೆಯ ಮೇಲಿನ ತುಂಡಿನಲ್ಲಿ ಯಾವ ಅಂಕಿ ಇತ್ತು ಎಂದು ಕೇಳಿದಳು. ಉಜ್ಮಾ ಒಂದು ಬೆರಳು ಎತ್ತಿದಳು.

ಎಲ್ಲಾ ತಿಳಿಯಿತು. ಕಾರಖಾನೆಯಿಂದ ಬರುವ ಪ್ರತಿ ಡಬ್ಬಿಯೂ ಒಂದನೇ ಅಂಕಿಯ ಮೇಲೇ ಬರುತ್ತದೆ. ಆಚೆಯ ಫೋಟೋಗ್ರಾಫರ್ ಗುಂಡಿ ಒತ್ತಿದರೆ ಅವನ ಫ್ಲ್ಯಾಶಿನ ಜೊತೆ ಇವಳದೂ ಹತ್ತುತ್ತದೆ. ಇವಳು ಒತ್ತಿದರೆ ಇವಳದರ ಜೊತೆ ಅವನದೂ. ಗಂಡಸರು ಹೆಂಗಸರು ಬೇರೆ ಬೇರೆ ಎಂದು ಮನುಷ್ಯರು ಹಾಕಿದ ಪರದೆ ಆ ಅಪ್ಪಣೆಗೆ ಲೆಕ್ಕವೇ ಇರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಆ ಹೊತ್ತಿಗೆ ಅತ್ತುಬಿಡುತ್ತಿದ್ದರು. ನಾಹೀದಾ ಇದೆಷ್ಟು ಚೆಂದದ ಯಂತ್ರ ಎಂದು ಒಂದು ಗಳಿಗೆ ಮೆಚ್ಚಿಕೊಂಡಳು. ಆಮೇಲೆ ಎರಡೂ ತುಂಡುಗಳನ್ನು ‘2’ಕ್ಕೆ ತಿರುಗಿಸಿದಳು.

ಐದು ನಿಮಿಷ ಶಾಂತಿ. ಆರನೇ ನಿಮಿಷಕ್ಕೆ ಮತ್ತೆ ಪಳಕ್. ಆಚೆಯವನೂ ಬುದ್ಧಿವಂತನೇ. ಅವನಿಗೂ ಅದೇ ಹೊಳೆದು ಅವನೂ ‘2’ಕ್ಕೆ ಬಂದಿದ್ದ. ಅವಳು ‘3’ಕ್ಕೆ ಹೋದಳು. ಅವನೂ ‘3’ಕ್ಕೆ ಬಂದ. ಇಕ್ಕಟ್ಟಾದ ಓಣಿಯಲ್ಲಿ ಎದುರುಬದುರಾದ ಇಬ್ಬರು ಒಬ್ಬರಿಗೊಬ್ಬರು ದಾರಿ ಬಿಡಲು ಹೋಗಿ ಒಂದೇ ಮಗ್ಗುಲಿಗೆ ಸರಿಯುವ ಹಾಗೆ. ಪರಗಂಡಸಿಗೆ ತಾನಾಗಿ ಹೋಗಿ ಹೇಳುವಂತಿಲ್ಲ. ಉಜ್ಮಾಳನ್ನೇ ಕಳಿಸಿದಳು. ನಿಮ್ಮ ಅಂಕಿ ನಿಮಗಿರಲಿ, ನಾನೇ ಸರಿಯುತ್ತೇನೆ ಎಂದು ಹೇಳು ಎಂದಳು. ಉಜ್ಮಾ ಹೋಗಿ ಬಂದು, ಆ ಮಾಮೂನ ಹೆಸರು ರಫೀ ಅಂತೆ, ನೀವೇ ಆರಾಮಾಗಿರಿ ನಾನೇ ಸರಿಯುತ್ತೇನೆ ಅಂದನಂತೆ ಎಂದು ತಿಳಿಸಿದಳು. ಹೀಗೆ ಸಭ್ಯತೆಯಲ್ಲೇ ಇಬ್ಬರೂ ‘4’ಕ್ಕೆ ಹೋಗಿ ಕೂತರು, ಅಲ್ಲಿಂದ ಮತ್ತೆ ‘5’ಕ್ಕೆ. ಎರಡೂ ಕಡೆ ಇನ್ನೂ ನಾಲ್ಕಾರು ಜನ ಫೋಟೋ ಅಳಿಸಿಕೊಂಡರು. ಕೊನೆಗೆ ನಾಹೀದಾ ಮಗಳ ಭುಜ ಹಿಡಿದು ಕಟ್ಟುನಿಟ್ಟಾಗಿ ಹೇಳಿಕಳಿಸಿದಳು.

“ಅಲ್ಲಾಡಬ್ಯಾಡ್ರಿ ಅಂತ ಹೇಳು. ಐದರ ಮ್ಯಾಲ ಕೈ ಕಟ್ಟಿ ನಿಂದರ್ರಿ ಅನ್ನು.”

ರಫೀ ಐದರ ಮೇಲೆ ನಿಂತ. ಅವಳು ‘9’ಕ್ಕೆ ಹೋದಳು. ಅಲ್ಲಿಂದ ಫ್ಲ್ಯಾಶು ಶಾಲೆಯ ಒಳ್ಳೆಯ ಹುಡುಗಿಯ ಹಾಗೆ ಕೇಳಿದಾಗ ಮಾತ್ರ ಉತ್ತರ ಕೊಟ್ಟಿತು.

ಸರಿಯಾದ ಹೊತ್ತಿಗೇ ಆಯಿತು. ಜಲ್ವಾ ಶುರುವಾಗಲಿತ್ತು. ಮದುಮಗನನ್ನು ಹೆಂಗಸರ ಕಡೆ ಕರೆತಂದು ಮದುಮಗಳ ಎದುರಿಗೆ ಕೂಡಿಸಿದರು. ಇಬ್ಬರ ತಲೆಯ ಮೇಲೂ ಕೆಂಪು ದುಪಟ್ಟಾ ಹೊದಿಸಿ, ನಡುವೆ ಕನ್ನಡಿ ಇಟ್ಟರು. ಕನ್ನಡಿಯಲ್ಲಿ ಅವರು ಒಬ್ಬರ ಮುಖ ಇನ್ನೊಬ್ಬರು ಮೊದಲ ಸಲ ನೋಡುವ ಆ ಗಳಿಗೆ ಒಂದೇ ಸಲ ಬರುತ್ತದೆ. ತಪ್ಪಿದರೆ ಮತ್ತೊಮ್ಮೆ ಮಾಡಿರಿ ಅನ್ನುವಂತಿಲ್ಲ. ನಾಹೀದಾ ಛತ್ರಿಯನ್ನು ದುಪಟ್ಟಾದ ಹಿಂಬದಿಗೆ ತಂದಳು. ನೆಲಕ್ಕೆ ಹೊಟ್ಟೆಯೂರಿ ಮಲಗಿದಳು. ಉಸಿರು ಹಿಡಿದಳು. ಮದುಮಗಳು ರೆಪ್ಪೆ ಎತ್ತಿದಳು. ಪಳಕ್.

ಒಂದೇ ಫೋಟೋ. ಕೆಂಪು ಬಟ್ಟೆಯೊಳಗಿಂದ ಸೋಸಿಬಂದ ಬೆಳಕು ಇಬ್ಬರ ಮುಖದ ಮೇಲೂ ಬೆಳಗಿನ ಹೊತ್ತಿನ ಬಣ್ಣ ಚೆಲ್ಲಿತ್ತು. ಕನ್ನಡಿಯಲ್ಲಿ ಮದುಮಗಳ ಕಣ್ಣು ತಾನು ನಗಬಹುದೋ ಇಲ್ಲವೋ ಎಂದು ಯೋಚಿಸುತ್ತಿತ್ತು. ಆ ಫೋಟೋ ತೆಗೆದದ್ದು ಒಂದು ಅರೆಜಡೆಯ ಮಗುವಿನ ತಾಯಿ, ರೊಟ್ಟಿ ಸುಡುವಾಗ ಕಲಿತದ್ದು ಅಂದರೆ ಯಾರೂ ನಂಬಲಿಕ್ಕಿಲ್ಲ.

ಹೆಂಗಸರು ಕ್ಯಾಮೆರಾದ ಸುತ್ತ ನೆರೆದರು. ಮದುಮಗಳ ಮನೆಯ ನೆರೆಯ ಸುರೇಖಾ, ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವವಳು, ತಾನು ಇಂಥದ್ದನ್ನು ದೊಡ್ಡ ಪತ್ರಿಕೆಗಳಲ್ಲಷ್ಟೇ ನೋಡಿದ್ದೆ ಎಂದಳು. ಜೈನಾಬೀಗೆ ಕಣ್ಣು ತುಂಬಿತು. ತನ್ನ ತಂಗಿಯ ಮಗಳ ಮದುವೆ, ನಾದಿನಿಯ ಮನೆಯ ತೊಟ್ಟಿಲು, ಎಲ್ಲಕ್ಕೂ ನಾಹೀದಾನೇ ಬರಬೇಕು ಎಂದಳು. ಫೋಟೋ ಚೆಂದ ತೆಗೆಯುವವರು ಎಷ್ಟೋ ಜನ ಸಿಗುತ್ತಾರೆ, ಬೇಡ ಅಂದದ್ದನ್ನು ಎದುರಿಗೇ ಅಳಿಸುವವಳು ಇವಳೊಬ್ಬಳೇ ಎಂದು ನೂರಜಾನಬಿ ಸೇರಿಸಿದಳು. ನಾಹೀದಾ ಬೆಳಗಿನಿಂದ ಮೊದಲ ಸಲ ಗೋಡೆಗೆ ಒರಗಿ ಕೂತಳು.

ಮೆಹಬೂಬಬೀ ಕ್ಯಾಮೆರಾ ಇಸಿದುಕೊಂಡು ಬಹಳ ಹೊತ್ತು ನೋಡುತ್ತಾ ಕೂತಳು. ತಲೆ ಎತ್ತಿದಾಗ ಅವಳ ದನಿ ಸಣ್ಣದಾಗಿತ್ತು.

“ಬೇಟಿ, ಈ ಬೆಳಕಿನ್ಯಾಗ ನಾನೂ ಹಿಂಗ ಕಾಣ್ತಿದ್ನೇನು, ಎಲುಬು ಚೀಪುವಾಗ?”

ಕಾಣುತ್ತಿದ್ದಿರಿ ಎಂದಳು ನಾಹೀದಾ, ಮುಂದಿನದು ತಿಳಿಯದೆ.

“ಮನಿಯಾವ್ರು ಇದ್ದಾಗ ನಲ್ಲಿ ಎಲುಬು ಹುಡುಕಿ ನನ್ನ ತಾಟಿಗೇ ಹಾಕ್ತಿದ್ರು. ನಾ ಚೀಪೂದು ನೋಡಿ ನಗತಿದ್ರು. ಅವ್ರು ಹೋಗಿ ನಲವತ್ತು ವರ್ಷ ಆತು. ಖುಷೀಲೆ ಇದ್ದಾಗಿನ ಫೋಟೋ ನಂದು ಒಂದೂ ಇಲ್ಲ. ಇರಾವೆಲ್ಲ ರೇಷನ್ ಕಾರ್ಡಿನವು.” ಮುದುಕಿ ಕ್ಯಾಮೆರಾವನ್ನು ನಾಹೀದಾಳ ಮಡಿಲಿಗಿಟ್ಟಳು. “ಅದನ್ನ ತಿರುಗಿ ತಗದು ಕೊಡು.”

ಅಳಿಸಿಬಿಟ್ಟೆನಲ್ಲ ದಾದೀಮಾ ಎಂದು ನಾಹೀದಾ ಮೆಲ್ಲಗೆ ಹೇಳಿದಳು. ಈಗಲೇ ಹೊಸದೊಂದು ತೆಗೆಯುತ್ತೇನೆ, ಎಲುಬು ತರಿಸಿರಿ ಎಂದಳು. ಮೆಹಬೂಬಬೀ ಒಪ್ಪಲಿಲ್ಲ. ಈಗ ಹೊಟ್ಟೆ ತುಂಬಿದೆ, ಫೋಟೋ ಎಂದು ಗೊತ್ತೂ ಇದೆ, ಆ ಮುಖ ಈಗ ಬರುವುದಿಲ್ಲ ಎಂದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

“ಅಳಿಸಿದ್ರ ಏನಾತ್ರಿ ದಾದೀಮಾ,” ಎಂದಳು ಸುರೇಖಾ. “ಕ್ಯಾಮೆರಾದ ಕಾರ್ಡಿನ್ಯಾಗ ಇದ್ದ ಇರತೈತಿ. ನಮ್ಮನ್ಯಾಗ ಲ್ಯಾಪ್‌ಟಾಪ್ ಐತಿ, ಹತ್ತು ನಿಮಿಷದಾಗ ತಿರುಗಿ ತಗೀತೀನಿ. ನಮ್ಮ ಹುಡುಗನ ಹುಟ್ಟಿದಹಬ್ಬದವು ಪೂರಾ ಅಳಿಸಿ ಹೋಗಿದ್ವು, ಒಂದೂ ಬಿಡದ ಬಂದ್ವು. ಕಾರ್ಡ್ ಕೊಡ್ರಿ ನಾಹೀದಾ ಅವ್ರ.”

ಕೇಳಿದ್ದೇ ತಡ, ಸಾಲು ಮತ್ತೆ ಕಟ್ಟಿತು. ಇಷ್ಟು ಚೆಂದದ ಬೆಳಕೆಂದು ಮೊದಲೇ ಗೊತ್ತಿದ್ದರೆ ಅಳಿಸಿರಿ ಅನ್ನುತ್ತಿರಲಿಲ್ಲ ಎಂದು ನೂರಜಾನಬಿ ತನ್ನ ಆಕಳಿಕೆಯನ್ನು ಕೇಳಿದಳು. ಪಿನ್ನು ಕಚ್ಚಿದವಳು ಪಿನ್ನಿನದು ಕೇಳಿದಳು. ಸೊಸೆಯನ್ನು ಗದರಿದವಳು ಕೇಳಲಿಲ್ಲ, ಅವಳ ಸೊಸೆ ಕೇಳಿದಳು. ಬಚ್ಚಲಿನಲ್ಲಿದ್ದವಳೂ ಬಂದು ನಿಂತಳು. ಸುರೇಖಾಳ ಅಂಗೈ ನಾಹೀದಾಳ ಮುಂದೆ ಚಾಚಿಯೇ ಇತ್ತು.

ಆ ಫೋಟೋಗಳು ಇರಲೇ ಇಲ್ಲ ಎಂದರೆ, ಸುಮಾರು ಇಪ್ಪತ್ತು ಹೆಂಗಸರ ಕಣ್ಣೆದುರಿಗೆ ಅಷ್ಟೇ ಸಲ ಸುಳ್ಳು ಆಡಿದ್ದು ಗೊತ್ತಾಗುತ್ತದೆ. ಕಾರ್ಡ್ ಕೊಟ್ಟರೆ ಹತ್ತೇ ನಿಮಿಷದಲ್ಲಿ ಅದೇ ಗೊತ್ತಾಗುತ್ತದೆ, ಲ್ಯಾಪ್‌ಟಾಪಿನ ಸಾಕ್ಷಿ ಸಮೇತ. ನಾಹೀದಾ ಕಾರ್ಡಿನ ಮುಚ್ಚಳದ ಮೇಲೆ ಹೆಬ್ಬೆರಳಿಟ್ಟಳು, ತೆಗೆಯಲಿಲ್ಲ. ಕಾರ್ಡ್ ಬಿಸಿಯಾಗಿದೆ, ಸ್ವಲ್ಪ ಆರಲಿ ಎಂದು ಏನೋ ಹೇಳಿದಳು. ಆರುವವರೆಗೆ ಕೂತಿರುತ್ತೇನೆ ಎಂದು ಮೆಹಬೂಬಬೀ ಕಾಲು ಚಾಚಿ ಕೂತಳು. ಎಲ್ಲರೂ ಕೂತರು. ಅಷ್ಟು ಹೆಂಗಸರು ಒಟ್ಟಿಗೆ ಸುಮ್ಮನಾದದ್ದು ಆ ಹಜಾರದಲ್ಲಿ ಅದೇ ಮೊದಲು.

ಉಜ್ಮಾ ಬಾಯೊಳಗಿನ ಸಿಹಿಯನ್ನು ನುಂಗಿದಳು. ಕಣ್ಣಿನ ಮೇಲೆ ಬಿದ್ದಿದ್ದ ಬಿಚ್ಚುಗೂದಲನ್ನು ಹಿಂದಕ್ಕೆ ಸರಿಸಿದಳು. ಮಧ್ಯಾಹ್ನದಿಂದ ಮೂರು ಸಲ ತುತ್ತಿನ ಹಿಂದೆ, ಎರಡು ಸಲ ತಾಯಿಯ ಕಣ್ಣಿನ ಹಿಂದೆ ಸಿಕ್ಕಿಕೊಂಡಿದ್ದ ಮಾತಿಗೆ ಈಗ ಯಾವ ಅಡ್ಡಿಯೂ ಇರಲಿಲ್ಲ. ದೊಡ್ಡವರು ಯಾರೂ ಮಾತಾಡುತ್ತಿರಲಿಲ್ಲವಲ್ಲ.

“ಅಮ್ಮಿ,” ಎಂದಳು, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ. “ದಾದೀಮಾ ಎಲುಬು ಚೀಪುವಾಗ ಕ್ಯಾಮೆರಾ ಚೀಲದಾಗ ಇತ್ತಲ್ಲ. ತಗೀಲಾರದ ಫೋಟೋ ನೀ ಹೆಂಗ ಅಳಿಸಿದಿ?”